ಅಳದವನೊಬ್ಬ

ತನ್ನ ಸಾವಿಗೆ ಯಾರು ಎಷ್ಟು ಅಳುತ್ತಾರೆಂದು ಮಾ ಗಾಪ್‌ಚೊಲ್ ಬೆಳಗಿನಿಂದ ನೋಡುತ್ತ ಕುಳಿತಿದ್ದ. ನಿಜಕ್ಕೂ ಸತ್ತವರಿಗೆ ಈ ಭಾಗ್ಯವಿಲ್ಲ.

ಬೂಸಾನ್ ಬಂದರಿನ ಹಿಂದಿನ ಶವಸಂಸ್ಕಾರದ ಮನೆ ಅದು. ಅವನ ಫೋಟೋ ಇಟ್ಟ ಗೋಡೆಯಾಚೆ ಒಂದು ಉಗ್ರಾಣ, ಅದರಲ್ಲಿ ಒಂದು ಕುರ್ಚಿ, ಒಂದು ಚಿಕ್ಕ ಟೀವಿ. ಫೋಟೋ ಸುತ್ತಲಿನ ಬಿಳಿ ಸೇವಂತಿಗೆಯ ನಡುವೆ ಕ್ಯಾಮೆರಾ ಅಡಗಿತ್ತು. ಕರಿ ಸೂಟಿನ ಗಂಡಸರು ಸಾಲಾಗಿ ಬಂದು, ಫೋಟೋಗೆ ಎರಡು ಸಲ ಅಡ್ಡಬಿದ್ದು, ಪಕ್ಕದ ಕೋಣೆಗೆ ಹೋಗಿ ಖಾರದ ದನದ ಮಾಂಸದ ಸಾರಿನಲ್ಲಿ ಅನ್ನ ಉಣ್ಣುತ್ತಿದ್ದರು.

ಉಪಾಯ ಅವನದೇ. ಬಂದರಿನಲ್ಲಿ ವರ್ಷಗಟ್ಟಲೆ ನಡೆಸಿದ ದಂಧೆಯನ್ನೆಲ್ಲ ಒಳಗಿನವನೇ ಯಾರೋ ಸರ್ಕಾರಿ ವಕೀಲರ ಕಿವಿಗೆ ಹಾಕಿದ್ದ. ವಾರಂಟು ಹೊರಡುವ ಮೊದಲೇ ಕೈಯೊಳಗಿನ ಡಾಕ್ಟರನಿಂದ ಹೃದಯಾಘಾತವೆಂದು ಬರೆಸಿಕೊಂಡು ಗಾಪ್‌ಚೊಲ್ ಸತ್ತ. ನಾಳೆ ಅಕ್ಕಿ ಮೂಟೆ ತುಂಬಿದ ಪೆಟ್ಟಿಗೆಯನ್ನು ಸುಡುತ್ತಾರೆ, ಅವನು ದೋಣಿ ಹತ್ತುತ್ತಾನೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಡಾಕ್ಟರನನ್ನು ಬಿಟ್ಟರೆ ಸಂಗತಿ ಗೊತ್ತಿದ್ದದ್ದು ಬಲಗೈ ಬಂಟ ಸೊಕ್‌ಗ್ಯುಗೆ ಮಾತ್ರ.

ಆದರೆ ದ್ರೋಹಿ ಯಾರೆಂದು ತಿಳಿಯದೆ ಹೊರಟರೆ, ದೋಣಿ ಇಳಿಯುವ ದಡದಲ್ಲೇ ಪೊಲೀಸರು ಕಾಯುತ್ತಿರುತ್ತಾರೆ. ಅದಕ್ಕೇ ಈ ಟೀವಿ. ಉಂಡ ಮನೆಗೆ ಎರಡು ಬಗೆದವನ ಕಣ್ಣಲ್ಲಿ ನೀರು ಬರುವುದಿಲ್ಲ ಎಂಬುದು ಅವನ ನಂಬಿಕೆ.

ಮಕ್ಕಳಿಲ್ಲದ ಅವನಿಗೆ ಸೊಕ್‌ಗ್ಯುವೇ ಮಗನ ಜಾಗದಲ್ಲಿ ನಿಂತಿದ್ದ. ತಂದೆಯನ್ನು ಉಳಿಸಿಕೊಳ್ಳಲಾಗದ ಮಗ, ರೂಢಿಯಂತೆ, ಬಂದವರ ಮುಂದೆ ಹೇಳಬೇಕಾದ ಮಾತನ್ನು ತಲೆ ತಗ್ಗಿಸಿ ಹೇಳುತ್ತಿದ್ದ: “ನಾನು ಪಾಪಿ.” ಹೆತ್ತ ಮಗನೂ ಇಷ್ಟು ಚೆನ್ನಾಗಿ ಹೇಳಲಾರ ಎಂದು ಗಾಪ್‌ಚೊಲ್‌ಗೆ ಎದೆ ತುಂಬಿ ಬಂತು.

ಉಳಿದವರೂ ಕಡಿಮೆಯಿರಲಿಲ್ಲ. ಕೊಲೆ ಮಾಡಿ ಕೈ ತೊಳೆದು ನೂಡಲ್ಸ್ ತಿನ್ನಲು ಕೂರುತ್ತಿದ್ದ ಗಂಡಸರು, ಮುಖವನ್ನೂ ಮುಚ್ಚಿಕೊಳ್ಳದೆ, ಸೇವಂತಿಗೆಯ ಎದುರೇ ನಿಂತು ಹೋ ಎಂದು ಅತ್ತರು. ಒಬ್ಬನಂತೂ ನಡುವೆ ನಿಲ್ಲಿಸಿ, ಮೂಗು ಒರೆಸಿಕೊಂಡು, ಮತ್ತೆ ಶುರುಮಾಡಿದ.

ಅಳದವನು ಒಬ್ಬನೇ. ಪಾನ್‌ದೋಲ್.

ಹಿಂದೊಮ್ಮೆ ಗಾಪ್‌ಚೊಲ್‌ಗೆ ಬೀಳಬೇಕಿದ್ದ ಮೀನು ಕೊಯ್ಯುವ ಚಾಕುವಿಗೆ ತನ್ನ ಹೊಟ್ಟೆ ಒಡ್ಡಿದವನು. ಈಗ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಕ್ಯಾಮೆರಾಕ್ಕೆ ಬೆನ್ನು ಹಾಕಿ, ಬಂದವರ ಬೂಟುಗಳನ್ನು ಜೋಡಿಸುತ್ತಿದ್ದ. ಸಾರು ಮುಟ್ಟಿರಲಿಲ್ಲ. ಮಧ್ಯಾಹ್ನ ಎದ್ದು ಬಂದು ಸೊಕ್‌ಗ್ಯು ಎದುರು ನಿಂತ.

“ಅಣ್ಣ, ದೊಡ್ಡಣ್ಣನ ಮುಖ ಒಂದ್ಸಲ ನೋಡ್ಬೇಕು.”

“ಪೆಟ್ಟಿಗೇಲಿ ಇಡೋವಾಗ ಮನೆಯವರಷ್ಟೇ ನೋಡೋದು ಕಣೋ.”

“ಮನೆಯವ್ರು ಅಂತ ಇನ್ಯಾರಿದ್ದಾರೆ? ನಾವೇ ಅಲ್ವಾ? ಮುಖ ನೋಡ್ದೆ ಹೆಂಗಣ್ಣ ನಂಬ್ಲಿ?”

ಗೋಡೆಯಾಚೆ ಗಾಪ್‌ಚೊಲ್ ನೆಟ್ಟಗಾದ. ಹೆಣ ನೋಡಿ ಖಾತ್ರಿ ಮಾಡಿಕೊಳ್ಳುವ ಅವಸರ ಯಾರಿಗಿರುತ್ತದೆ? ಹೋಗಿ ಸುದ್ದಿ ಒಪ್ಪಿಸಬೇಕಾದವನಿಗೆ.

ಸೊಕ್‌ಗ್ಯು ಉಗ್ರಾಣಕ್ಕೆ ಬಂದದ್ದೇ ತಡ, ಗಾಪ್‌ಚೊಲ್ “ಅವನೇ” ಎಂದ.

“ಪಾನ್‌ದೋಲಾ? ನಿಮಗೋಸ್ಕರ ಕರುಳು ಹೊರಗೆ ಹಾಕ್ಕೊಂಡವ್ನು ದೊಡ್ಡಣ್ಣ.”

“ಹಳೇ ಗಾಯ ತೋರ್ಸ್ಕೊಂಡು ಎಷ್ಟು ದಿನ ಉಣ್ತಾನೆ? ಎಲ್ಲಾರೂ ಅತ್ರು, ಇವನಿಗೆ ಮಾತ್ರ ಕಣ್ಣು ಒಣಗಿದೆ. ಮುಖ ನೋಡ್ಬೇಕಂತೆ, ಮುಖ.”

“ನೀವು ಹೇಳಿದ್ಮೇಲೆ ನಾನು ಎರಡು ಮಾತಾಡಲ್ಲ. ಆದ್ರೆ ಹೇಳೋರು ನೀವೇ ಆಗ್ಬೇಕು.”

“ಹೇಳ್ತಿದೀನಲ್ಲೋ. ಮುಗಿಸು.”

ಸೊಕ್‌ಗ್ಯು ಸೊಂಟ ಬಗ್ಗಿಸಿ ವಂದಿಸಿ ಹೋದ. ಟೀವಿಯಲ್ಲಿ ಅವನು ಪಾನ್‌ದೋಲನ ಹೆಗಲ ಮೇಲೆ ಕೈಯಿಟ್ಟು, “ಬಾ, ತೋರಿಸ್ತೀನಿ” ಎಂದ. ಪಾನ್‌ದೋಲ್ ಕೋಟಿನ ಗುಂಡಿ ಹಾಕಿಕೊಂಡ, ಕೂದಲು ಸವರಿಕೊಂಡ, ಕಾಲುಚೀಲ ಮೇಲಕ್ಕೆಳೆದುಕೊಂಡ. ಹಿರಿಯರ ಮುಂದೆ ಹೋಗುವಾಗ ಅವನು ಯಾವಾಗಲೂ ಹಾಗೆಯೇ. ಇಬ್ಬರೂ ನೆಲಮಾಳಿಗೆಯ ಮೆಟ್ಟಿಲಿಳಿದರು. ಗಾಪ್‌ಚೊಲ್ ಟೀವಿಯಿಂದ ಮುಖ ತಿರುಗಿಸಿಕೊಂಡ. ಸಾಕಿದ ನಾಯಿಯನ್ನು ಕೊಲ್ಲಿಸಿದರೂ ಹೀಗಾಗುತ್ತದೆ, ಆಮೇಲೆ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಸೊಕ್‌ಗ್ಯು ಹಿಂತಿರುಗಿದಾಗ ತೊಳೆದ ಕೈ ಇನ್ನೂ ಒದ್ದೆಯಾಗಿತ್ತು.

“ಏನಂದ ಕೊನೇಲಿ?”

“ಪೆಟ್ಟಿಗೆ ತೆಗೆದು ತೋರಿಸ್ದೆ. ಅಕ್ಕಿ ಮೂಟೆ ನೋಡಿ ‘ಹಂಗಾದ್ರೆ ದೊಡ್ಡಣ್ಣ ಬದುಕಿದ್ದಾರೆ’ ಅಂದ.” ಸೊಕ್‌ಗ್ಯು ಕರವಸ್ತ್ರದಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. “ಆಗ ಅತ್ತ ದೊಡ್ಡಣ್ಣ. ಸಣ್ಣ ಮಗೂ ಥರ ಅತ್ತ.”

ತಾನು ಮಾಡಿದ್ದೇನು ಎಂಬುದು ಗಾಪ್‌ಚೊಲ್‌ಗೆ ಪೂರ್ತಿ ತಿಳಿಯಿತು. ಅದಕ್ಕೆ ಇನ್ನು ಯಾವ ಮದ್ದೂ ಇಲ್ಲ ಎಂಬುದೂ ತಿಳಿಯಿತು. ತನ್ನನ್ನೇ ನಂಬಿ ಬದುಕಿದವನು ಅವನೊಬ್ಬನಿದ್ದ, ಅವನನ್ನೂ ತಾನೇ ಕೊಲ್ಲಿಸಿಯಾಗಿತ್ತು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಬೆಳಗಿನಿಂದ ಅತ್ತವರೆಲ್ಲ ಒಬ್ಬೊಬ್ಬರಾಗಿ ಒಳಗೆ ಬಂದರು. ಯಾರ ಕಣ್ಣಲ್ಲೂ ನೀರಿರಲಿಲ್ಲ. ಅವನನ್ನು ಬದುಕಿರುವಂತೆ ಕಂಡು ಯಾರೂ ಬೆಚ್ಚಲೂ ಇಲ್ಲ. ಹಿಂದಿನ ನಾಲ್ವರು ಮೂಟೆ ತೆಗೆದ ಪೆಟ್ಟಿಗೆಯನ್ನು ಹೊತ್ತು ತಂದು ಅವನ ಕಾಲ ಬಳಿ ಇಳಿಸಿದರು.

“ಇವರಿಗೆಲ್ಲಾ ಯಾಕೋ ಹೇಳ್ದೆ?” ಎಂದ ಗಾಪ್‌ಚೊಲ್.

“ಇವ್ರಿಗೆಲ್ಲಾ ಮೊದ್ಲಿಂದ್ಲೂ ಗೊತ್ತು ದೊಡ್ಡಣ್ಣ,” ಎಂದು ಸೊಕ್‌ಗ್ಯು ಎಂದಿನ ವಿನಯದಿಂದಲೇ ತಲೆಬಾಗಿದ. “ಪಾನ್‌ದೋಲ್ ಒಬ್ಬನಿಗೇ ಹೇಳಿರ್ಲಿಲ್ಲ. ಹೇಳಿದ್ರೆ ನಿಮ್ಮನ್ನ ಇದ್ರೊಳಗೆ ಮಲಗ್ಸೋಕೆ ಅವನು ಬಿಡ್ತಿರ್ಲಿಲ್ಲ.”