ಅನುಭವ ಇದ್ದವರಿಗೆ ಆದ್ಯತೆ

"ಇಲ್ಲಿ ಅನುಭವ ಅಂತ ಐತಿ. ಏನು ಬರೀಲಿ?" ಹೊನ್ನೂರಮ್ಮ ಪೆನ್ನು ಹಿಡಿದು ಕೇಳಿದಳು.

ಅವಳ ಗಂಡ ತಿಪ್ಪೇಶ ಬಾಗಿಲಿಗೆ ಹೋಗಿ ರಸ್ತೆ ನೋಡಿ ಬಂದ, ಕೂತ, ಮತ್ತೆ ಎದ್ದ. ಬೆಳಗಿನಿಂದ ಅಂಡು ಸುಟ್ಟ ಬೆಕ್ಕಿನಂತೆ ಇದೇ ಆಟ. ಸಂಡೂರಿನಲ್ಲಿ ಕುಡಿತ ಬಿಡಿಸುವ ಕೇಂದ್ರವೊಂದಕ್ಕೆ ಕೌನ್ಸೆಲರ್ ಬೇಕಾಗಿದ್ದ. ಅಲ್ಲೇ ಉಂಡು, ಅಲ್ಲೇ ಮಲಗಿ, ಸೇರಿಕೊಂಡವರಿಗೆ ಬುದ್ಧಿ ಹೇಳಿಕೊಂಡಿರುವ ಕೆಲಸ. ಇವತ್ತೇ ಕಡೆಯ ದಿನ. ಇವಳು ಬರೆದದ್ದನ್ನು ಬಸ್ಸು ಹಿಡಿದು ಹೊಸಪೇಟೆಗೆ ಒಯ್ದು, ಟೈಪ್ ಮಾಡಿಸಿ ಸಂಜೆಯೊಳಗೆ ಸಂಡೂರಿಗೆ ಮುಟ್ಟಿಸಬೇಕು. ಕುಡಿತ ಬಿಟ್ಟು ವರ್ಷ ದಾಟಿದ್ದರೂ ಅದಿರು ಲಾರಿಯ ಮಾಲೀಕರು ಯಾರೂ ಅವನ ಕೈಗೆ ಸ್ಟೀರಿಂಗ್ ಕೊಟ್ಟಿರಲಿಲ್ಲ. ಇದೂ ತಪ್ಪಿದರೆ ಮನೆಯಲ್ಲೇ ಕೂರಬೇಕು. ಸುಮ್ಮನೆ ಕೂತವನ ಕಾಲು ಯಾವ ಅಂಗಡಿಯ ಕಡೆ ಎಳೆಯುತ್ತದೆ ಎಂಬುದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು.

"ಲಾರಿ ಡ್ರೈವರ್ ಅಂತ ಬರಿ."

"ಅದನ್ನ ಬರದೀನಿ. ಇದು ಕೌನ್ಸೆಲಿಂಗ್ ಅನುಭವ. ಅದಿಲ್ಲಾಂದ್ರ, ತಾವ ಕುಡಿಯೋದು ಬಿಟ್ಟವರಾದ್ರೂ ನಡೀತೈತಿ, ಅಂಥವರಿಗೆ ಆದ್ಯತೆ ಅಂತ ಹಾಕ್ಯಾರ."

ತಿಪ್ಪೇಶನ ಮುಖ ಅರಳಿತು. "ಹಂಗಾರ ಬರಿ. ಭಾಳ ಕುಡೀತಿದ್ದೆ ಅಂತ ಬರಿ."

ಹೊನ್ನೂರಮ್ಮ ತಲೆಯೆತ್ತಿ ನೋಡಿದಳು. ಮದುವೆಯಾದಾಗಿನಿಂದ ಈ ಮಾತು ಅವನ ಬಾಯಿಂದ ಹೊರಟಿರಲಿಲ್ಲ. ಮೈಕೈ ನೋವಿಗೆ ಒಂದೀಟು, ದೋಸ್ತರು ಬಿಡಲಿಲ್ಲ, ನಾನೇನು ಕುಡುಕನಲ್ಲ, ಇವಿಷ್ಟೇ ಅವನ ಉತ್ತರ. ಬಳ್ಳಾರಿಯ ಇಂಥದೇ ಕೇಂದ್ರಕ್ಕೆ ಅವನನ್ನು ಹೊತ್ತುಹಾಕಿದಾಗಲೂ ರೆಸ್ಟ್ ತಗೊಳ್ಳಲು ಹೊರಟಿದ್ದೇನೆ ಎಂದು ಓಣಿಗೆಲ್ಲ ಹೇಳಿದ್ದ. ಅತ್ತು ಕರೆದು ಬೇಡಿಕೊಂಡರೂ ಬಾರದ ಮಾತು ನೌಕರಿಗೆಂದರೆ ಬಂತಲ್ಲ ಎಂದು ಅವಳಿಗೆ ನಗು ಬಂತು. ಹಿಂದೆಯೇ ಸಿಟ್ಟೂ ಬಂತು. ಆದರೂ ಬರೆದಳು. ಮಲಪನಗುಡಿಯ ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುವವಳು, ಸಿಟ್ಟಿನಲ್ಲೂ ಅಕ್ಷರ ದುಂಡಗೇ ಬಂದವು.

"ತೋರಣಗಲ್ಲಿನ ಫ್ಯಾಕ್ಟರಿ ಗೇಟ್ ಮುಂದ ಲಾರಿ ಚಾಲೂ ಬಿಟ್ಟು ಕುಡಿಯಾಕ ಹೋಗಿದ್ದೆ, ಬರಿ. ಕಮಲಾಪುರದಾಗ ಚರಂಡ್ಯಾಗ ಬಿದ್ದು ಬೆಳಗ ಮಾಡಿದ್ದೆ. ಹಂದಿ ಬಂದು ಎಬ್ಬಿಸಿತ್ತು. ಹಂದಿ ಬ್ಯಾಡ, ಚರಂಡಿ ಅಷ್ಟ ಬರಿ. ಅಕ್ಕಿ ಡಬ್ಬ್ಯಾಗ ಬಾಟ್ಲಿ ಬಚ್ಚಿಡ್ತಿದ್ದೆ."

"ಅದು ನನಗ ಗೊತ್ತಿತ್ತು."

"ಗೊತ್ತಿತ್ತಾ?"

"ದಿನಾ ಅಕ್ಕಿ ತೆಗಿಯಾಕಿ ನಾನಲ್ಲೇನು?"

ಹೇಳುತ್ತ ಹೇಳುತ್ತ ಅವನಿಗೆ ಹುರುಪೇ ಬಂದುಬಿಟ್ಟಿತು. ಹೆಣ್ಣು ಕೇಳಲು ಹೋದವರು ತಮ್ಮ ಹೊಲ ಗದ್ದೆ ಹೇಳಿಕೊಳ್ಳುವ ಹಾಗೆ ಒಂದೊಂದೇ ಹೇಳಿಕೊಂಡ. ಹಾಳೆ ತುಂಬುತ್ತ ಬಂತು.

"ಇನ್ನೊಂದು ಐತಲ್ರಿ. ಅದನ್ನೂ ಬರೀಲಾ?" ಎಂದಳು ಹೊನ್ನೂರಮ್ಮ.

"ಯಾವುದು?"

ಅವಳು ಎಡಗೈ ಮುಂದೆ ಚಾಚಿದಳು. ಅದು ಮೊಣಕೈಯಿಂದ ಆಚೆಗೆ ನೆಟ್ಟಗಾಗುತ್ತಿರಲಿಲ್ಲ. ಬಚ್ಚಲಲ್ಲಿ ಜಾರಿಬಿದ್ದು ಮುರಿಯಿತೆಂದು ಊರು ನಂಬಿತ್ತು. ಊರಿಗೆ ಹಾಗೆ ಹೇಳಿದವಳೂ ಅವಳೇ.

ತಿಪ್ಪೇಶ ಮತ್ತೆ ಬಾಗಿಲಿಗೆ ಹೋದ. ಬಸ್ಸು ಬಂದಿರಲಿಲ್ಲ. ಅಲ್ಲಿಂದಲೇ, "ಅದು ಬ್ಯಾಡ," ಎಂದ.

"ಯಾಕ?"

"ಅದನ್ನ ಬರದ್ರ ಕೆಲಸ ಕೊಡಂಗಿಲ್ಲ."

"ಚರಂಡ್ಯಾಗ ನೀವು ಬಿದ್ದಿದ್ದು ಅನುಭವ. ನನ್ನ ಕೆಡವಿದ್ದು ಅನುಭವ ಅಲ್ಲೇನು?"

"ಲೇ, ಹೊತ್ತಿಲ್ಲ. ಜಲ್ದಿ ಮುಗಿಸು."

ಅವಳಿಗೆ ಹಾಳೆ ಹರಿದು ಅವನ ಮುಖಕ್ಕೆ ಎಸೆಯಬೇಕೆನಿಸಿತು. ಆದರೆ ಈ ಕೆಲಸ ಅವನಿಗೆ ಸಿಗಲಿ ಎಂಬ ಆಸೆಯೂ ಅಷ್ಟೇ ಇತ್ತು. ಹಾಗಾಗಿ ದನಿ ಏರಿಸಲಿಲ್ಲ.

"ಒಂದು ಕೇಳ್ತೀನಿ, ಹೇಳ್ರಿ. ನಾಳೆ ಅಲ್ಲಿಗೆ ಒಬ್ಬಾತ ಬರ್ತಾನ. ಕುಡಿದು ಹೆಂಡ್ತಿ ಕೈ ಮುರದಾತ. ಸರ್, ಕುಡಿಯೋದು ಬಿಟ್ಟೀನಿ, ಆದ್ರೂ ಮನ್ಯಾಗ ಕುಂದ್ರಾಕ ಆಗವಲ್ದು, ನಿಂದ್ರಾಕ ಆಗವಲ್ದು ಅಂತಾನ. ಆತಗೇನು ಹೇಳ್ತೀರಿ?"

ಸಂದರ್ಶನಕ್ಕೆ ತನ್ನನ್ನು ತಯಾರು ಮಾಡುತ್ತಿದ್ದಾಳೆ ಎಂದುಕೊಂಡ ತಿಪ್ಪೇಶ. ಬಳ್ಳಾರಿಯಲ್ಲಿದ್ದಾಗ ದಿನಾ ಕಿವಿಗೆ ಬಿದ್ದ ಪಾಠ, ಮರೆಯುವುದುಂಟೆ? ಒಳಗೆ ಬಂದು ಗೋಡೆಗೆ ಆನಿಕೊಂಡು ಕೂತ. ಕಾಲರ್ ಸರಿಮಾಡಿಕೊಂಡ. ದನಿಯನ್ನು ಮೆತ್ತಗೆ ಮಾಡಿಕೊಂಡ.

"ತಮ್ಮಾ, ಬಾಟ್ಲಿ ಬಿಟ್ರ ಅರ್ಧ ಕೆಲಸ ಆತು. ಇನ್ನರ್ಧ ಮನ್ಯಾಗ ಐತಿ. ಹೋಗು, ಹೆಂಡ್ತಿನ ಎದುರಿಗೆ ಕುಂದ್ರಿಸಿಕೊ. ಮಾಡಿದ್ದನ್ನ ನಿನ್ನ ಬಾಯಿಲೆ ಹೇಳು. ನೆವ ಹೇಳಬ್ಯಾಡ. ಆಕಿ ಬೈದ್ರ ಬೈಸಿಕೊ, ಎದ್ದು ಮಾತ್ರ ಹೋಗಬ್ಯಾಡ." ಹೇಳಿ ಮುಗಿಸಿ ಹೆಂಡತಿಯ ಮುಖ ನೋಡಿದ. "ಬರೋಬರಿ ಹೇಳಿದ್ನಿಲ್ಲ?"

"ಭಾಳ ಚಲೋ ಹೇಳಿದ್ರಿ."

ಹೊನ್ನೂರಮ್ಮ ಪೆನ್ನಿಗೆ ಮುಚ್ಚಳ ಹಾಕಿದಳು. ಹಾಳೆಯನ್ನು ಪಕ್ಕಕ್ಕಿಟ್ಟು ಅವನ ಎದುರಿಗೆ ಸರಿದು ಕೂತಳು.

"ಕುಂತೀನಿ. ಹೇಳ್ರಿ."

ತಿಪ್ಪೇಶ ಬಾಯಿ ತೆರೆದ. "ನೀರು ಕೊಡು," ಎಂದ.

"ಆಮ್ಯಾಲ," ಎಂದಳು.