ಹೆರಿಗೆ ಮನೆಯ ಮೊದಲ ಬಾಣಂತಿ

"ನನ್ನ ಸೊಸಿ ಎಲ್ಲಿ ಅದಾಳ್ರಿ?"

ಅಕ್ಕಲಕೋಟೆಯಿಂದ ಮುಂಜಾನೆಯ ರೈಲಿಗೆ ಬಂದಿದ್ದ ಕಲ್ಯಾಣಪ್ಪ, ಬೀಗರ ಮನೆಯಲ್ಲಿ ಸೊಸೆ ಕಾಣದೆ, ಸೋಲಾಪುರದ ಬಾಳಿವೇಸ್ ಪೇಟೆಯ ಹೆರಿಗೆ ಮನೆಯವರೆಗೂ ಬಿರಬಿರನೆ ನಡೆದು ಬಂದಿದ್ದ. ಸೊಸೆಯ ತಾಯಿ ಚಂದ್ರಭಾಗಾ ಬಾಗಿಲಿಗೆ ಅಡ್ಡವಾಗಿ ನಿಂತಳು.

"ಒಳಗದಾಳ್ರಿ ಬೀಗರ. ಮುಂಜಾನಿಂದ ಬ್ಯಾನಿ ಸುರು ಆಗ್ಯಾವ."

"ತವರುಮನ್ಯಾಗ ಹಡೀಲಿ ಅಂತ ಕಳಿಸಿದ್ವಿ. ಧರ್ಮದ ಮಂಚದ ಮ್ಯಾಲ ಹಡೀಲಿ ಅಂತಲ್ಲ. ನಮ್ಮ ಮನಿತನದಾಗ ಯಾರರ ಹೊರಗ ಹಡದಾರೇನ್ರಿ?"

ಇದೇ ಮಾತನ್ನು ಊರೆಲ್ಲ ಆಡುತ್ತಿತ್ತು. ಸಾವಿರದ ಒಂಬೈನೂರ ಇಪ್ಪತ್ತೆಂಟನೆಯ ಇಸವಿಯಿಂದ ಆರು ವರ್ಷ, ಚಂದ್ರಭಾಗಾ ಮತ್ತು ಪೇಟೆಯ ನಾಲ್ವರು ಹೆಂಗಸರು ವಾರಕ್ಕೊಮ್ಮೆ ಜೋಳಿಗೆ ಹಿಡಿದು ಮನೆಮನೆ ತಿರುಗಿದ್ದರು. ಮನೆಗೊಂದು ಹಿಡಿ ಜೋಳ. ಆ ಜೋಳ ಮಾರಿಯೇ ಈ ಮನೆ, ಎರಡು ಮಂಚ, ಪುಣೆಯಲ್ಲಿ ಕಲಿತು ಬಂದ ನರ್ಸ್ ಸುಮಿತ್ರಾಬಾಯಿ. ದೀಪಾವಳಿಗೆ ಬಾಗಿಲು ತೆರೆದದ್ದು, ಸಂಕ್ರಮಣ ಕಳೆದರೂ ಒಬ್ಬ ಬಸುರಿಯೂ ಹೊಸಿಲು ತುಳಿದಿರಲಿಲ್ಲ. ಬೊಗಸೆ ತುಂಬ ಜೋಳ ಕೊಟ್ಟವರೂ ಮಗಳನ್ನು ಕಳಿಸಲು ಒಲ್ಲೆ ಎನ್ನುತ್ತಿದ್ದರು. ಹೋದ ವಾರ ಒಬ್ಬ ಸಾವಕಾರ ಮುಖದ ಮೇಲೇ ಕೇಳಿದ್ದ: "ನಿಮ್ಮ ಮಗಳಿಗೇ ದಿನ ತುಂಬ್ಯಾವಂತಲ್ಲ, ಆಕಿನ್ನ ಎಲ್ಲಿ ಮಲಗಸ್ತೀರಿ? ಅದನ್ನ ಮೊದ್ಲ ಹೇಳ್ರಿ, ಆಮ್ಯಾಲ ಜೋಳ ಕೇಳ್ರಿ." ಚಂದ್ರಭಾಗಾ ಅವತ್ತೇ ಮನೆಗೆ ಹೋಗಿ ಮಗಳು ಲೀಲಾಳಿಗೆ ಸೀರೆ ಕಟ್ಟಿಟ್ಟುಕೋ ಎಂದಿದ್ದಳು.

ಮಧ್ಯಾಹ್ನ ಸುಮಿತ್ರಾಬಾಯಿ ಹೊರಗೆ ಬಂದು ಹಿಂದೆ ಬಾಗಿಲು ಎಳೆದುಕೊಂಡಳು. "ಕೂಸು ಕಾಲು ಮುಂದ ಮಾಡೇದ. ಹೊತ್ತು ಹಿಡೀತದ. ನೀರು ಕಾಸೂದು ನಿಲ್ಲಸಬ್ಯಾಡ್ರಿ," ಎಂದವಳೇ ಒಳಗೆ ಹೋದಳು.

ಕಲ್ಯಾಣಪ್ಪ ಬೀಗತಿಯ ಕಡೆ ತಿರುಗಿದ. "ಏನರ ಹೆಚ್ಚುಕಡಿಮಿ ಆತಂದ್ರ..." ಆರು ವರ್ಷ ಕಂಡಕಂಡ ಬಾಗಿಲಲ್ಲಿ 'ಅಂಜಬ್ಯಾಡ್ರಿ' ಎಂದು ಹೇಳಿ ಬಂದಿದ್ದ ಚಂದ್ರಭಾಗಾಳ ಬಾಯಿಗೆ ಈಗ ಆ ಮಾತು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಹಿತ್ತಲಲ್ಲಿ ಬಾವಿಯ ಗಾಲಿ ಕಿರುಗುಟ್ಟಿತು. ಮನೆಯಲ್ಲಿ ಒಂದು ತಂಬಿಗೆ ನೀರನ್ನೂ ತಾನಾಗಿ ತೆಗೆದುಕೊಂಡು ಕುಡಿಯದ ಕಲ್ಯಾಣಪ್ಪ, ರುಮಾಲು ಬಿಚ್ಚಿಟ್ಟು ಕೊಡದ ಮೇಲೆ ಕೊಡ ಸೇದಿ ಒಲೆಯ ಹತ್ತಿರ ತಂದಿಡುತ್ತಿದ್ದ.

ಹೊತ್ತು ಇಳಿಯುವಾಗ ಲೀಲಾಳ ಕೂಗು ಒಮ್ಮೆಲೇ ನಿಂತಿತು. ಒಳಗೆ ಸಪ್ಪಳವಿಲ್ಲ. ಚಂದ್ರಭಾಗಾ ಗೋಡೆಗೆ ಕೈ ಆನಿಸಿದಳು. ಕೂಸಿನ ಬೆನ್ನಿಗೆ ತಟ್ಟಿದ ಸದ್ದು ಎರಡು ಸಲ, ಮೂರು ಸಲ. ಆಮೇಲೆ ಸಣ್ಣದೊಂದು ಅಳು, ಅದರ ಬೆನ್ನಿಗೇ ಓಣಿಗೆಲ್ಲ ಕೇಳುವಂಥ ಅಳು.

"ಹೆಣ್ಣು ಕೂಸು," ಎಂದಳು ಸುಮಿತ್ರಾಬಾಯಿ, ಹಿತ್ತಲ ಬಾಗಿಲಿಗೆ ಬಂದು ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತ. "ತಾಯಿನೂ ಗಟ್ಟಿ ಅದಾಳ."

ಕಲ್ಯಾಣಪ್ಪ ಬಾವಿಕಟ್ಟೆಯ ಮೇಲೆ ಕುಳಿತ. "ಬಾಯಿ, ಮನ್ಯಾಗ ಆಗಿದ್ರ ಏನಾಕ್ಕಿತ್ರಿ?"

"ಅದನ್ನ ನಾ ಹ್ಯಾಂಗ ಹೇಳ್ಲಿ ಯಜಮಾನ್ರ?"

ಅವನು ಬಿಚ್ಚಿಟ್ಟಿದ್ದ ರುಮಾಲು ಎತ್ತಿಕೊಂಡ. "ನನ್ನ ತಂಗಿ ಹಿಂಗೇ ಹೋದ್ಲು. ಮನ್ಯಾಗ, ಎಲ್ಲಾರೂ ಇದ್ದಾಗ." ಆಮೇಲೆ ಚಂದ್ರಭಾಗಾಳನ್ನು ಕೇಳಿದ: "ಇನ್ನೊಂದು ಮಂಚ ಖಾಲಿ ಅದಲ್ರಿ? ಕಂದಲಗಾಂವದಾಗ ನನ್ನ ತಮ್ಮನ ಮಗಳಿಗೆ ಎಂಟು ತುಂಬ್ಯಾವ. ನಾಳಿಗೇ ಬಂಡಿ ಕಟ್ಟಸ್ತೀನಿ."

ಚಂದ್ರಭಾಗಾಳ ಕಣ್ಣು ತುಂಬಿ ಬಂತು. ಆಗಲಿ ಎಂದು ತಲೆ ಆಡಿಸಿ ಒಳಗೆ ಹೋದಳು. ಲೀಲಾ ಬೆವರಿನಲ್ಲಿ ತೊಯ್ದು ಮಲಗಿದ್ದಳು, ಬಗಲಲ್ಲಿ ಕೂಸು. ತಾಯಿ ಮಂಚದ ಅಂಚಿಗೆ ಕುಳಿತು ಅವಳ ಹಣೆಯ ಕೂದಲು ಹಿಂದೆ ಸರಿಸಿದಳು.

"ಅವ್ವಾ, ಖರೇ ಹೇಳು. ನನ್ನ ಇಲ್ಲಿ ತಂದು ಮಲಗಿಸಿದ್ದು ನನ್ನ ಸಲುವಾಗೋ, ನಿನ್ನ ಹೆರಿಗಿಮನಿ ಸಲುವಾಗೋ?"

ಕೂದಲು ಸವರುತ್ತಿದ್ದ ಕೈ ನಿಂತಿತು.

"ಇವತ್ತ ಮುಂಜಾನಿ ತನಕ ಹೆರಿಗಿಮನಿ ಸಲುವಾಗಿ," ಎಂದಳು ಚಂದ್ರಭಾಗಾ. "ಮಧ್ಯಾಹ್ನ ಕೂಸು ಕಾಲು ಮುಂದ ಮಾಡೇದ ಅಂದಾಗಿಂದ ನಿನ್ನ ಸಲುವಾಗಿ."

ಲೀಲಾ ಕೂಸನ್ನು ಎತ್ತಿ ತಾಯಿಯ ತೊಡೆಯ ಮೇಲೆ ಹಾಕಿ, ಗೋಡೆಯ ಕಡೆ ಹೊರಳಿ ನಿದ್ದೆ ಹೋದಳು.