ಒಂದು ಬೆರಳಿನ ಜಾಗ

ಹಬೀಬ ಕಟರನ್ನು ತಂತಿಗೆ ಕಚ್ಚಿಸಿದ್ದನಷ್ಟೇ, ಗಿರಿಜಾಬಾಯಿ ಹಿಂದಿನಿಂದ ಬಂದು ಅವನ ಮಣಿಕಟ್ಟು ಹಿಡಿದಳು. ಎಪ್ಪತ್ತೆರಡು ವರ್ಷದ ಆ ಕೈಯಲ್ಲಿ ಅಂಥ ಬಿಗಿ ಇದೆಯೆಂದು ಇಡೀ ಮೈಲೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಏ ಹಬೀಬ, ಯಾರನ್ನ ಕೇಳಿ ಕೈ ಹಚ್ಚಿದಿ? ಆ ತಂತಿ ಕತ್ತರಿಸಿದ್ರ ನಿನ್ನ ಅಂಗಡಿ ಬಾಗಿಲದಾಗ ಬಂದು ಕುಂದ್ರತೇನಿ ನೋಡು. ಹತ್ತು ವರ್ಷ ಏಳಲ್ಲ.”

“ನನಗ ಮಹಾಮಾಯಾ ಕರೆಸ್ಯಾಳ್ರಿ ಅಮ್ಮಾ,” ಎಂದು ಹಬೀಬ ಅವಳ ಮೊಮ್ಮಗಳ ಕಡೆ ನೋಡಿದ. ಚಿದ್ರಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟು ಮೂವತ್ತು ವರ್ಷವಾಗಿದ್ದ ಅವನಿಗೆ ಕೆಂಪಗೆ ಕಾದ ಕಬ್ಬಿಣದ ಭಯವಿರಲಿಲ್ಲ, ಈ ಮುದುಕಿಯದಿತ್ತು.

ಅದು ಬಟ್ಟೆ ಒಣಹಾಕುವ ತಂತಿ. ಒಂದು ತುದಿಯನ್ನು ಅಂಗಳದ ಪೇರಲ ಗಿಡದ ಕಾಂಡಕ್ಕೆ ಸುತ್ತಿ, ಇನ್ನೊಂದನ್ನು ಗೋಡೆಯ ಕೊಂಡಿಗೆ ಬಿಗಿದವನು ಗಿರಿಜಾಬಾಯಿಯ ಗಂಡ ಕಾಶೀರಾಮ. ಔರಾದದಿಂದ ಆ ಸಸಿಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನಂತೆ ಕೂರಿಸಿಕೊಂಡು ತಂದವನೂ ಅವನೇ. ಅವನು ಹೋಗಿ ಐದು ವರ್ಷವಾಯಿತು. ಅಂದಿನಿಂದ ಅವನ ಕೈ ತಿರುವಿದ ಗಂಟನ್ನು ಮುಟ್ಟಲು ಅವಳು ಯಾರಿಗೂ ಬಿಟ್ಟಿಲ್ಲ. ಬುದ್ಧ ಪೂರ್ಣಿಮೆಗೆ ಸುಣ್ಣ ಬಳಿಯುವವರೂ ಗಿಡದಿಂದ ನಾಲ್ಕು ಮೊಳ ದೂರ ನಿಂತು ಬಳಿದು ಹೋಗುತ್ತಾರೆ.

“ಆಯಿ, ಗಿಡ ಸಾಯ್ಲತ್ತದ,” ಎಂದಳು ಮಹಾಮಾಯಾ. ಅವಳು ಪಿಯುಸಿ ಎರಡನೇ ವರ್ಷದಲ್ಲಿ ವಿಜ್ಞಾನ ಓದುತ್ತಿದ್ದಳು.

“ಸಾಯ್ಲತ್ತದಂತ. ಚಸ್ಮಾ ಹಾಕ್ಕೊಂಡು ಕುರುಡಿ ಆದೇನ? ಈ ಸಲದಂಥಾ ಹಣ್ಣು ಯಾವಾಗರೆ ಬಿಟ್ಟಿತ್ತು? ಒಂದು ತಿಂದ್ರ ಮೂರು ದಿನ ಚಹಾಕ್ಕ ಸಕ್ಕರಿ ಬ್ಯಾಡ. ಹೈದ್ರಾಬಾದಿನ ಇರುವಿ ಟಿಕೀಟು ತಗೊಂಡು ಬರ್ಲತ್ತಾವ. ಸಾಯೋ ಗಿಡ ಹಿಂಗ ಇರ್ತದೇನು?”

“ಸಾಯ್ಲತ್ತದ, ಅದಕ್ಕೇ ಸಿಹಿ ಅದ.”

ಮಹಾಮಾಯಾ ಅಜ್ಜಿಯ ಬೆರಳು ಹಿಡಿದು ಕಾಂಡಕ್ಕೆ ಒತ್ತಿದಳು. ತಂತಿಯ ಮೇಲೆ ಕಾಂಡ ಬಾತು ದಪ್ಪವಾಗಿತ್ತು. ಕೆಳಗೆ ಅದೇ ಕಾಂಡ ಸೊರಗಿ ತೆಳ್ಳಗಿತ್ತು. ಆಮೇಲೆ ಒಂದು ಎಳೆಯ ಟೊಂಗೆ ಮುರಿದು, ಉಗುರಿನಿಂದ ಸಿಪ್ಪೆ ಸುಲಿದು ತೋರಿಸಿದಳು.

“ನೋಡು, ಈ ಬಿಳಿ ಕಟಗಿ ಒಳಗಿಂದ ಬೇರಿನ ನೀರು ಮ್ಯಾಲ ಹೋಗ್ತದ. ಅದು ಒಳಗ ಅದ, ತಂತಿ ಅದಕ್ಕ ಇನ್ನೂ ಮುಟ್ಟಿಲ್ಲ. ಎಲಿ ಹಸರ ಅದಾವ ಅದಕ್ಕ. ಆದ್ರ ಎಲಿ ಅಡಗಿ ಮಾಡಿ ಬೇರಿಗಿ ಕಳಸೋ ದಾರಿ ಅದಲ್ಲ, ಅದು ಈ ಸಿಪ್ಪಿ ಒಳಮೈಗಿ ಅಂಟ್ಕೊಂಡದ. ಅದನ್ನೇ ತಂತಿ ಅಮುಕ್ಯದ. ಕೆಳಗ ಹೋಗಬೇಕಾದ ಊಟ ಮ್ಯಾಲೇ ಉಳದು ಹಣ್ಣು ಸಕ್ಕರಿ ಆಗ್ಯದ. ಬೇರು ಉಪಾಸ ಬಿದ್ದದ.”

ಗಿರಿಜಾಬಾಯಿ ಸುಲಿದ ಟೊಂಗೆಯನ್ನು ಇನ್ನೊಂದು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು.

“ನಿಮ್ಮ ಮುತ್ತ್ಯಾ ಭಾಲ್ಕಿದಾಗ ಗೌಂಡಿ ಕೆಲ್ಸಕ್ಕ ಇದ್ದಾಗ ದಿನಾ ಟೆಂಪೋದಾಗ ಬುತ್ತಿ ಕಳಿಸ್ತಿದ್ನಿ. ಒಮ್ಮಿ ಹಳ್ಳ ಬಂದು ಟೆಂಪೋ ಈ ಕಡಿನೇ ನಿಂತಬಿಡ್ತು. ನನ್ನ ಪುಂಡಿಪಲ್ಯಾ ತಿಂದು ಡ್ರೈವರ ಆನಿಯಂಗ ಆದ. ಅವರು ಆ ಕಡಿ ಮೂರು ದಿನ ಬರೇ ನೀರು ಕುಡ್ದು ಗ್ವಾಡಿ ಕಟ್ಟಿದ್ರು.”

“ಹಂಗೇ ಆಯಿ ಇದೂ.”

“ಇದು ಎಷ್ಟು ದಿನ ತಡೀತದ?”

“ಒಂದು ವರ್ಷ. ಬಾಳಂದ್ರ ಎರಡು.”

ಮುದುಕಿ ಟೊಂಗೆಯನ್ನು ಕೆಳಗೆ ಎಸೆದಳು. ಆದರೆ ಹಬೀಬನ ಕೈ ಬಿಡಲಿಲ್ಲ.

“ಹಂಗಾದ್ರ ತಂದವರೂ ಅವರೇ, ಕುತ್ತಿಗಿ ಹಿಚುಕಿದವರೂ ಅವರೇ ಅಂತೀರಿ. ಸತ್ತವರ ಮ್ಯಾಲ ಹಾಕೋದು ಸಸಾರ ಬಿಡ್ರಿ.”

“ಅಲ್ರಿ ಅಮ್ಮಾ,” ಹಬೀಬ ಹಿಡಿತ ಬಿಡಿಸಿಕೊಳ್ಳದೆಯೇ ಹೇಳಿದ. “ಕಾಶೀರಾಮ ಕಾಕಾ ಪ್ರತಿ ವರ್ಷ ಸುಣ್ಣ ಬಳಿಯೋಕಿಂತ ಮೊದಲ ನನ್ನ ಅಂಗಡಿಗಿ ಬಂದು ತಂತಿ ತಿರುವೋ ಪಕ್ಕಡ ಒಯ್ತಿದ್ರು. ತಂತಿ ಬಿಚ್ಚಿ ಸಡ್ಲ ಮಾಡಿ ಮತ್ತ ಕಟ್ಟಲಿಕ್ಕಿ. ‘ಗಿಡ ವರ್ಷಾ ದಪ್ಪ ಆಗ್ತದ ಹಬೀಬ, ಒಂದು ಬೆರಳು ಹೋಗೋ ಅಷ್ಟು ಜಾಗಾ ಬಿಡಬೇಕು’ ಅಂತಿದ್ರು.”

ಗಿರಿಜಾಬಾಯಿಯ ಕೈ ತಾನಾಗಿ ಸಡಿಲಾಯಿತು. ಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸುತ್ತ, ಗಿಡಕ್ಕೆ ಮುಖ ಮಾಡಿ ತುದಿಗಾಲಲ್ಲಿ ನಿಂತವನನ್ನು ಪ್ರತಿ ಬೇಸಿಗೆ ನೋಡಿದವಳು ಅವಳು. ಹಲ್ಲಿನಲ್ಲಿ ಬೀಡಿ ಕಚ್ಚಿಕೊಂಡು ಅವನು ಗಂಟು ಬಿಚ್ಚುತ್ತಿದ್ದುದು, ಮತ್ತೆ ಹಾಕುತ್ತಿದ್ದುದು, ಹಿಂದೆ ಸರಿದು ಸೊಂಟ ಹಿಡಿದುಕೊಳ್ಳುತ್ತಿದ್ದುದು.

“ನಾ ನಗ್ತಿದ್ನಿ,” ಎಂದಳು ಮೆಲ್ಲಗೆ. “‘ಎಂಥಾ ಗೌಂಡಿರಿ ನೀವು, ಊರ ಮಂದಿ ಮನಿ ಕಟ್ತೀರಿ, ಒಂದು ಗಂಟು ಕಟ್ಟಲಿಕ್ಕಿ ಬರಲ್ಲ, ವರ್ಷಾ ಬಿಚ್ಚಿ ಬಿಚ್ಚಿ ಕಟ್ತೀರಿ’ ಅಂತ. ಓಣಿ ತುಂಬಾ ಹೇಳಿಕೋತ ಅಡ್ಡಾಡೀನಿ. ಒಮ್ಮಿನೂ ತಿರಗಿ ಮಾತಾಡಲಿಲ್ಲ ಆ ಮನಷಾ.”

ಅವಳು ಗಿಡದ ಬಳಿ ಹೋಗಿ ತಂತಿಯ ಅಡಿಗೆ ಕಿರುಬೆರಳು ತೂರಿಸಲು ನೋಡಿದಳು. ಉಗುರಿನ ತುದಿಯೂ ಹೋಗಲಿಲ್ಲ.

“ಕತ್ತರಸಪ್ಪಾ,” ಎಂದಳು.

ಹಬೀಬ ಮೂರು ಕಡೆ ಕತ್ತರಿಸಿದ. ಎರಡು ತುಂಡು ಸಿಪ್ಪೆಯ ಪುಡಿಯೊಂದಿಗೆ ಕಳಚಿ ಬಂದವು. ಮೂರನೆಯದನ್ನು ಎಳೆದು ನೋಡಿ ಅವನು ಕೈ ತೆಗೆದ. ಅದರ ಮೇಲೆ ತೊಗಟೆ ಪೂರ್ತಿ ಮುಚ್ಚಿಕೊಂಡಿತ್ತು.

“ಗಂಟು ಒಳಗ ಹೋಗಿಬಿಟ್ಟದ್ರಿ ಅಮ್ಮಾ. ಕಿತ್ತಿದ್ರ ಗಿಡಕ್ಕ ಗಾಯ ಆಗ್ತದ.”

ಗಿರಿಜಾಬಾಯಿ ಆ ಉಬ್ಬಿನ ಮೇಲೆ ಅಂಗೈ ಇಟ್ಟಳು.

“ಇರ್ಲಿ ಬಿಡು. ಒಳಗ ಇದ್ರ ಏನಾಗಲ್ಲ. ಬಿಗಿಬಾರ್ದು, ಅಷ್ಟೇ.”